ನಂದಕಲಾಳ ಬೇರೆ ಒಲೆ

ಸೊಸೆ ಸಬಿತ್ರಾ ಹಿತ್ತಿಲಲ್ಲಿ ಸಗಣಿ ಗ್ಯಾಸಿನ ಗುಂಡಿ ಕಟ್ಟಿಸಿದಾಗ ನಂದಕಲಾ ತಕರಾರೆತ್ತಲಿಲ್ಲ. ಗೋಮಾತೆಯ ಸಗಣಿಗೆ ಮೈಲಿಗೆ ಎಲ್ಲಿಯದು? ಆದರೆ ಮೇಸ್ತ್ರಿ ಪಾಯಿಖಾನೆಯ ಕೊಳವೆಯನ್ನೂ ಅದೇ ಗುಂಡಿಗೆ ತಿರುಗಿಸಿದ್ದಾನೆಂದು ತಿಳಿದ ದಿನ ಮುದುಕಿ ಅನ್ನದ ತಟ್ಟೆಯನ್ನು ಆಚೆ ನೂಕಿದಳು.

"ಹೇಲಿನ ಮೇಲೆ ಬೆಂದ ಅನ್ನ ನಂಗೆ ಬೇಡ."

"ಅನ್ನ ಬೇಯೋದು ಬೆಂಕಿ ಮೇಲೆ ಅತ್ತೆ. ಆ ಹೇಲೂ ಪರರದ್ದಲ್ಲ, ನಮ್ಮನೆಯದೇ."

"ನಿನ್ನ ಗಂಡಂದು ನಂಗೊತ್ತು. ಮೂರು ವರ್ಷ ತೊಳೆದಿದೀನಿ."

ಅಂದೇ ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹೊಗೆಗೆ ಕೆಮ್ಮುತ್ತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಧಿಂಡೊ, ತೊಳಸತೊಡಗಿದಳು. ಮೂರೇ ವಾರಕ್ಕೆ ಸೌದೆ ಮುಗಿಯಿತು. ನೇಪಾಳದ ಚಿತವನದ ಆ ಊರಿನ ಕಾಡು ಸೌದೆಗೆ ತೆರೆಯುವುದು ವರ್ಷಕ್ಕೆ ಆರೇ ದಿನ. ಬೋಳು ನೆಲದಲ್ಲಿ ಸಾಲವೃಕ್ಷದ ಸಸಿ ನೆಡಿಸಿ ಆ ಕಟ್ಟಳೆ ಮಾಡಿದ ಸಮಿತಿಯಲ್ಲಿ ಎಲ್ಲರಿಗಿಂತ ಬಾಯಿ ಜೋರಿದ್ದವಳು ಇದೇ ನಂದಕಲಾ.

ಆದರೂ ಮಟಮಟ ಮಧ್ಯಾಹ್ನ ಕುಡುಗೋಲು ಹಿಡಿದು ಕದ್ದು ನುಗ್ಗಿದಳು. ಎರಡು ಎಳೆಮರ ಕಡಿಯುವಷ್ಟರಲ್ಲಿ ಪೊದೆಯಿಂದ ಘೇಂಡಾಮೃಗವೊಂದು ಬುಸುಗುಟ್ಟಿತು. ಎಪ್ಪತ್ತರ ಮುದುಕಿ ಹೇಗೆ ಮರ ಹತ್ತಿದಳೋ, ಆ ದೇವರೇ ಬಲ್ಲ.

ತುಸು ಹೊತ್ತಿಗೆ ಕಾಡುಕಾವಲಿನ ಜೋಖನ್ ಮಹತೋ ಬಂದು ಕತ್ತೆತ್ತಿದ.

"ಅಜ್ಜೀ, ಮೇಲೇನ್ ಮಾಡ್ತಿದೀಯ?"

"ಮರ ಎಷ್ಟು ಬೆಳೆದಿದೆ ಅಂತ ನೋಡ್ತಿದೀನಿ."

"ಕುಡುಗೋಲು ಯಾಕೆ?"

"ಅಳೆಯೋಕೆ."

"ಅಳೆದಿದ್ದು ಸಾಕು, ಇಳಿ. ಘೇಂಡಾ ಆಗ್ಲೇ ಹೋಯ್ತು. ಕಳ್ಳರ ಕತ್ತಿ ಕಿತ್ಕೋಬೇಕು ಅಂತ ಕಟ್ಟಳೆ ಮಾಡಿದ್ದು ನೀನೇ. ಕೊಡು ಇಲ್ಲಿ."

ಇಳಿಯುವಾಗ ಅವಳ ಕಣ್ಣು ತಾನು ಕಡಿದ ಬೊಡ್ಡೆಗಳ ಮೇಲೆ ಬಿತ್ತು. ಹಸಿಯಾಗಿದ್ದವು, ಅಂಟು ಒಸರುತ್ತಿತ್ತು. ಘೇಂಡಾ ಮೂಗಿನ ಮುಂದೆ ನಿಂತಾಗಲೂ ಅವಳ ಮುಖ ಹೀಗೆ ಬಾಡಿರಲಿಲ್ಲ. ಕುಡುಗೋಲನ್ನು ಅವನ ಕೈಗೆ ಕೊಟ್ಟಳು.

ಮನೆಗೆ ಬಂದವಳೇ, "ಚಹಾ ಮಾಡು," ಎಂದಳು.

"ಯಾವ ಒಲೇಲಿ?" ಸಬಿತ್ರಾ ಕೇಳಿದಳು.

"ಉರಿಯೋ ಒಲೇಲಿ."

ಲೋಟವನ್ನು ಮೂರು ಸಲ ಮೂಸಿದಳು. ಶುಂಠಿಯ ವಾಸನೆ ಬಿಟ್ಟರೆ ಬೇರೇನಿಲ್ಲ. ಇನ್ನೊಂದು ಲೋಟ ಕೇಳುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿತು. ಒಂದು ಹಸು, ಮೂರು ಮನುಷ್ಯರಿಂದ ಎಷ್ಟಂತ ಗ್ಯಾಸು ಬಂದೀತು?

ಮುಂದಿನ ಶನಿವಾರ ಕಾಡು ಸಮಿತಿಯ ಹನ್ನೊಂದು ಮಂದಿಯನ್ನು ನಂದಕಲಾ ತನ್ನ ಜಗಲಿಗೇ ಕರೆದು, ನೆರೆಮನೆಯ ಒಲೆಯಲ್ಲಿ ಬೇಯಿಸಿ ತಂದು, ಹೊಟ್ಟೆ ಬಿರಿಯುವಂತೆ ಉಣಿಸಿದಳು. ಅಧ್ಯಕ್ಷರು ಕೈ ತೊಳೆದು ಹೊರಟಾಗ ದಾರಿಗೆ ಅಡ್ಡ ನಿಂತಳು.

"ತಿಂದಿದ್ದನ್ನ ಹಂಗೇ ಹೊತ್ಕೊಂಡು ಹೋಗೋದು ಯಾವ ಸೀಮೆ ನ್ಯಾಯ? ಹಿತ್ತಿಲ ಕಡೆ ಹೋಗಿಬನ್ನಿ, ನೀರು ಇಟ್ಟಿದೀನಿ."