ಎರವಲು ಕುದುರೆ

ನಾನು ಒಂದು ಕುದುರೆ. ಹುಟ್ಟಿದ್ದು ವಿಜಯಪುರದ ಟಾಂಗಾ ಸ್ಟ್ಯಾಂಡಿನ ಹಿಂದೆ, ತಗಡಿನ ಛಾವಣಿಯ ಕೆಳಗೆ. ನೆಲಕ್ಕೆ ಬಿದ್ದ ನನ್ನನ್ನು ಮೊದಲು ಒರೆಸಿದ ಕೈ ದಸ್ತಗೀರಸಾಬರದು. ಟಾಂಗಾ ಹೊಡೆಯುವುದು ಅವರ ಮನೆತನದ ಕಸುಬು. ನನ್ನ ಕಪ್ಪು ಮೈ ನೋಡಿ ಮುಶ್ಕಿ ಎಂದು ಹೆಸರಿಟ್ಟರು. ಗೋಳಗುಮ್ಮಟದ ದಾರಿಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ಓಡಬಲ್ಲೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ. ಜಂಬವಿಲ್ಲದ ಕುದುರೆಯ ಟಾಂಗಾ ಯಾರು ಹತ್ತುತ್ತಾರೆ?

ಆಟೊಗಳು ಬಂದವು, ಸವಾರಿ ಕಡಿಮೆಯಾಯಿತು. ಊರ ಹೊರಗಿನ ಒಂದು ಔಷಧ ತಯಾರಿಸುವ ಸಂಸ್ಥೆ ನನ್ನನ್ನು ಕೊಂಡಿತು. "ಕುದ್ರಿ ಒಯ್ಯಾವ್ರು ನನ್ನೂ ಒಯ್ರಿ" ಎಂದು ಸಾಬರು ಹಟ ಹಿಡಿದರು. ಹೀಗೆ ನನ್ನ ಯಜಮಾನರೇ ನನ್ನ ಚಾಕರಿಗೆ ನಿಂತರು.

ಅಲ್ಲಿ ನನಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚುತ್ತಿದ್ದರು. ಮೊದಲ ಸಲ ಮೈ ಬೆಪ್ಪಾಗಿ ನಿಂತಿತು. ಬರಬರುತ್ತ ಆ ವೈರಸ್ಸಿನ ಗುರುತು ಹಿಡಿದು, ಅದನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುವುದನ್ನು ಕಲಿಯಿತು. ರಕ್ತದಲ್ಲಿ ಅವು ಎಷ್ಟು ತುಂಬಿವೆ ಎಂದು ಅಳೆಯುವವರು ಡಾಕ್ಟರ್ ನೀಲಾಂಬಿಕಾ. ಸಾಕಷ್ಟು ತುಂಬಿದಾಗ ಸ್ವಲ್ಪ ರಕ್ತ ತೆಗೆದು, ಅದರಿಂದ ಸೀರಂ ಮಾಡಿ, ನಾಯಿ ಕಡಿದವರಿಗೆ ಕಳಿಸುತ್ತಿದ್ದರು. ಆಹಾ, ಹುಲ್ಲು ತಿನ್ನುವ ಮೈಯೊಳಗೆ ಎಂಥ ವಿದ್ಯೆ ಅಡಗಿದೆ!

ಒಮ್ಮೆ ನನಗೆ ಹೊಟ್ಟೆಶೂಲೆ ಬಂತು. ತಿಂಗಳುಗಟ್ಟಲೆ ಸೂಜಿ ಇಲ್ಲ, ಕೆಲಸವಿಲ್ಲ. ರಕ್ತ ಅಳೆದರೆ ಪ್ರತಿಕಾಯ ತೀರಾ ಇಳಿದಿತ್ತು. "ಮುಶ್ಕಿ ಖಾಲಿ ಆದ್ನಲ್ರೀ ಬಾಯಾರ" ಎಂದು ಸಾಬರು ಡಾಕ್ಟರ ಮುಂದೆ ಗಳಗಳನೆ ಅತ್ತರು. ಡಾಕ್ಟರು ಒಂದೇ ಒಂದು ಸೂಜಿ ಹಾಕಿದರು. ಕೆಲವೇ ದಿನಗಳಲ್ಲಿ ಅಳತೆ ಮೊದಲಿಗಿಂತ ಮೇಲೆ ಜಿಗಿಯಿತು.

"ಖಾಲಿ ಆಗಿದ್ದಿಲ್ಲ ಚಾಚಾ. ಒಮ್ಮೆ ಕಲ್ತ ಮೈ, ಮಲಗಿತ್ತು ಅಷ್ಟ" ಎಂದರು ಡಾಕ್ಟರು.

ಇಂಥದರಲ್ಲಿ ಒಂದು ದಿನ ಗೇಟಿನ ಬಳಿ ಹುಚ್ಚುನಾಯಿಯೊಂದು ನನ್ನ ಮೇಲೆ ಬಂತು. ಅಡ್ಡ ಬಂದ ಸಾಬರ ಮೀನಖಂಡಕ್ಕೆ ಬಾಯಿ ಹಾಕಿತು. ಡಾಕ್ಟರು ಗಾಯವನ್ನು ಸೋಪು ಹಚ್ಚಿ ಬಹಳ ಹೊತ್ತು ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿಸಿದರು. ಅಲ್ಲಿ ಗಾಯದ ಸುತ್ತ ಸೀರಂ ಚುಚ್ಚಿ, ತೋಳಿಗೆ ಲಸಿಕೆಯ ಮೊದಲ ಸೂಜಿ ಹಾಕಿದರು.

ಸಾಬರು ಬಂದವರೇ ನನ್ನ ಕೊರಳು ತಬ್ಬಿದರು. "ನಿನ್ನ ರಕ್ತಾನ ನನಗ ಕಾವಲು, ಬೇಟಾ!" ಆ ಶೀಶೆಯಲ್ಲಿ ಎಷ್ಟೋ ಕುದುರೆಗಳ ರಕ್ತದ ಸಾರ ಬೆರೆತಿರುತ್ತದೆ. ಅವರಿಗೆ ಹೇಳುವವರಾರು? ಮುಂದಿನ ಸೂಜಿಯ ದಿನ ಅವರು ಹೋಗಲೇ ಇಲ್ಲ. ಹೆಂಡತಿ ಬೀಬಿಜಾನ್ ಬುತ್ತಿ ತಂದವಳು ಬೈದಳು.

"ಹಟಮಾರಿ ಮನಶಾ! ಸೂಜಿಗೆ ಯಾಕ ಹೋಗವಲ್ಲಿ?"

"ಮುಶ್ಕಿ ನನ್ನ ಮೈಯಾಗ ಅದಾನ. ಮತ್ತ ಸೂಜಿ ಹಾಕಿಸಿಕೊಂಡ್ರ ಅವನ ಮ್ಯಾಲೆ ನಂಬಿಕಿ ಇಲ್ಲಂದಂಗ ಆಗ್ತೈತಿ."

ಈ ರೋಗ ತಲೆಗೇರಿದರೆ ಬದುಕುವ ಮಾತೇ ಇಲ್ಲ. ಅಯ್ಯೋ, ನನ್ನ ಮೇಲಿನ ಪ್ರೀತಿಯೇ ಇವರನ್ನು ಕೊಲ್ಲುತ್ತದಲ್ಲ ಎಂದು ಸಂಕಟವಾಯಿತು. ಹೇಳೋಣವೆಂದರೆ ಮೂಕಪ್ರಾಣಿ.

ಬೀಬಿಜಾನ್ ಡಾಕ್ಟರನ್ನು ಕರೆತಂದಳು. ಅವರು ಗದರಲಿಲ್ಲ.

"ಚಾಚಾ, ಟಾಂಗಾಕ್ಕ ಎಂದಾರ ಎರವಲು ಕುದ್ರಿ ಕಟ್ಟೀರೇನು?"

"ಕಟ್ಟೇನ್ರಿ. ಇವನವ್ವ ಇವನ್ನ ಈದಾಗ."

"ಸಂಜಿಗೆ ಏನ್ ಮಾಡ್ತಿತ್ತು ಅದು?"

"ಮತ್ತೇನ್ರಿ, ತನ್ನ ಮನಿ ದಾರಿ ಹಿಡೀತಿತ್ತು."

"ಸೀರಂನೂ ಹಂಗ. ಮುಶ್ಕಿ ನಿಮ್ಮ ಮೈಯಾಗ ಸ್ವಲ್ಪ ದಿನ ದುಡಿದು ಹೋಗ್ತಾನ. ಅಷ್ಟರಾಗ ನಿಮ್ಮ ಸ್ವಂತ ಕುದ್ರಿ ತಯಾರಾಗಬೇಕು. ಅದಕ್ಕ ಉಳಿದ ಸೂಜಿ. ಇವ ಒಂದ ಸೂಜಿಗೆ ಕಲ್ತನೇನು?"

ಸಾಬರು ನನ್ನನ್ನೇ ನೋಡಿದರು. ನಾನು ಮೂತಿಯಿಂದ ಅವರ ಬೆನ್ನನ್ನು ಗೇಟಿನ ಕಡೆಗೆ ನೂಕಿದೆ.

"ಇವನೂ ಹೋಗು ಅಂತಾನ" ಎಂದು ಕಣ್ಣೊರೆಸಿಕೊಂಡರು. ಅಂದೇ ಹೋದರು. ಆಮೇಲೆ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಬದುಕಿದರು.

ಈಗ ನನಗೆ ವಯಸ್ಸಾಗಿದೆ. ರಕ್ತ ತೆಗೆಯುವುದಿಲ್ಲ, ಬೇವಿನ ಮರದ ಕೆಳಗೆ ಕಟ್ಟಿ ಮೇಯಿಸುತ್ತಾರೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಾಯಿಮರಿಯೊಂದು ಸಾಬರ ಕೈ ಕಚ್ಚಿತು. ಈ ಸಲ ಯಾರೂ ಹೇಳಬೇಕಾಗಲಿಲ್ಲ, ತಾವೇ ಆಸ್ಪತ್ರೆಗೆ ಹೋದರು. ಸಂಜೆ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪಿನ ದೊಡ್ಡ ಕಟ್ಟು ಹಿಡಿದು ಬಂದು, ಏನೋ ತಪ್ಪು ಮಾಡಿದವರ ಹಾಗೆ ನಿಂತರು.

"ಮುಶ್ಕಿ, ಸಿಟ್ಟಾಗಬ್ಯಾಡ. ಈ ಸಲ ಸೀರಂ ಬ್ಯಾಡಂದ್ರು. ನನ್ನ ಮೈಗೆ ದಾರಿ ಗೊತ್ತೈತಂತ. ನೆನಪು ಮಾಡಾಕ ಎರಡ ಸೂಜಿ ಸಾಕಂತ."

ಸಿಟ್ಟೇ? ಎಷ್ಟೋ ಜನರ ಗಾಯಕ್ಕೆ ಎರವಲು ಹೋದವನು ನಾನು. ಸಾಬರೇ, ಎರವಲು ಕುದುರೆಗೆ 'ಇನ್ನು ನೀನು ಬೇಡ, ಮನೆಗೆ ಹೋಗು' ಅನ್ನುವುದಕ್ಕಿಂತ ಸಿಹಿ ಮಾತು ಯಾವುದಿದೆ? ಮಾತು ಬರುತ್ತಿದ್ದರೆ ಹೇಳಿಬಿಡುತ್ತಿದ್ದೆ. ಬಾಯಿ ತುಂಬ ಸೊಪ್ಪಿತ್ತು, ಅವರ ಭುಜದ ಮೇಲೆ ತಲೆಯಿಟ್ಟೆ.