ಹೊರ್ತಿಯ ಕಡೆಯ ಕೊಯ್ತಾ

ದಸರೆಗೆ ಮೊದಲು ಧೂಳಪ್ಪನಿಗೆ ಹಳ್ಳಿಗಳಲ್ಲಿ ಸಿಗುತ್ತಿದ್ದ ಮರ್ಯಾದೆ ತಹಶೀಲ್ದಾರನಿಗೂ ಸಿಗುತ್ತಿರಲಿಲ್ಲ. ಬಸ್ಸಿಳಿದರೆ ಸಾಕು, ಯಾರೋ ಕಟ್ಟೆಯ ಮೇಲೆ ಕಂಬಳಿ ಹಾಸುತ್ತಿದ್ದರು, ಇನ್ಯಾರೋ ಚಹಾಕ್ಕೆ ಹೇಳುತ್ತಿದ್ದರು. ಅದೇ ಧೂಳಪ್ಪ ಹೋಳಿ ಹುಣ್ಣಿಮೆಯ ಹೊತ್ತಿಗೆ ಅದೇ ಊರಿಗೆ ಹೋದರೆ, 'ಬಂದಾ ನೋಡು, ನಮ್ಮನ್ನ ಒಯ್ದು ಕಬ್ಬಿನಾಗ ಹುಗಿದಾಂವ' ಎಂದು ಹೆಂಗಸರು ಕೇಳಿಸುವಂತೆಯೇ ಬೈಯುತ್ತಿದ್ದರು. ಕಂಬಳಿಯನ್ನೂ ಬೈಗುಳವನ್ನೂ ಅವನು ಒಂದೇ ಮುಖದಿಂದ ಸ್ವೀಕರಿಸುತ್ತಿದ್ದ. ಅವನ ನೌಕರಿಯೇ ಅಂಥದು.

ನೌಕರಿ ಕೊಟ್ಟವನು ಬಾಬುಲಾಲ. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು, ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ಅವನ ಲೇಬರ್ ಸಪ್ಲೈ ಏಜೆನ್ಸಿ. ಮುದ್ದೇಬಿಹಾಳದ ಕಡೆ ಕಲ್ಲು ಒಡೆಯುವವರು ಬೇಕೆಂದರೆ ಬಾಬುಲಾಲ, ಬಸವನ ಬಾಗೇವಾಡಿಯ ಹತ್ತಿ ಜಿನ್ನಿಗೆ ಹಮಾಲರು ಬೇಕೆಂದರೆ ಬಾಬುಲಾಲ, ಸೊಲ್ಲಾಪುರದ ಖಾನಾವಳಿಗೆ ರೊಟ್ಟಿ ಬಡಿಯುವ ಹೆಂಗಸರು ಬೇಕೆಂದರೂ ಬಾಬುಲಾಲನೇ. ಆದರೆ ಏಜೆನ್ಸಿಯ ಒಲೆ ಉರಿಯುತ್ತಿದ್ದದ್ದು ಕಬ್ಬಿನಿಂದ. ವರ್ಷವರ್ಷ ದಸರೆ ಮುಗಿದ ಮರುದಿನ ಸಾಂಗಲಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಲಾರಿ ತುಂಬ ಕಬ್ಬು ಕಡಿಯುವವರನ್ನು ಕಳಿಸಬೇಕು. ಆ ಮಂದಿಯನ್ನು ಊರೂರು ತಿರುಗಿ ಹುಡುಕಿ, ಒಪ್ಪಿಸಿ, ಲಾರಿ ಹತ್ತಿಸುವುದು ಧೂಳಪ್ಪನ ಪಾಲು.

ಬಾಬುಲಾಲನ ಕಾಯ್ದೆ ಒಂದೇ. ಅವನು ಮಂದಿಯನ್ನು ತಲೆ ಲೆಕ್ಕದಲ್ಲಿ ತೆಗೆದುಕೊಳ್ಳುವವನಲ್ಲ, ಕೊಯ್ತಾ ಲೆಕ್ಕದಲ್ಲಿ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಅದನ್ನು ಹಿಡಿಯುವ ಗಂಡ, ಅವನ ಹಿಂದೆಯೇ ಸೋಗೆ ಸವರಿ ಹೊರೆ ಕಟ್ಟುವ ಹೆಂಡತಿ, ಇಬ್ಬರೂ ಸೇರಿ ಒಂದು ಕೊಯ್ತಾ. ಒಂದು ಕೊಯ್ತಾಕ್ಕೆ ಗದ್ದೆಯಲ್ಲಿ ಒಂದು ಸಾಲು, ವಸತಿಯಲ್ಲಿ ಒಂದು ಗುಡಿಸಲು. ಒಬ್ಬನೇ ಬಂದರೆ ಎಂಥ ಭೀಮನಾದರೂ ಬೇಡ.

"ಒಬ್ಬ ಇದ್ರ ಓಡಿ ಹೋಗ್ತಾನ. ಇಬ್ರಿದ್ರ ಒಬ್ರನ್ನೊಬ್ರು ಕಾಯ್ಕೊಂಡು ಬಿದ್ದಿರ್ತಾರ. ಒಂಟಿ ಮಂದಿ ತಗೋಳಂಗಿಲ್ಲ" ಎಂದು ಬಾಬುಲಾಲ ಮೊದಲ ದಿನವೇ ಹೇಳಿದ್ದ. ಆ ಕಡೆಯ ಮಾತನ್ನು ಧೂಳಪ್ಪ ಎಷ್ಟು ಬಾಗಿಲುಗಳ ಮುಂದೆ ನಿಂತು ಹೇಳಿದ್ದನೋ! ವಿಧವೆಯರಿಗೆ ಹೇಳಿದ್ದ, ಬಿಟ್ಟುಹೋದವರಿಗೆ ಹೇಳಿದ್ದ, ಮದುವೆಯೇ ಆಗದೆ ಮೀಸೆ ನರೆತವರಿಗೆ ಹೇಳಿದ್ದ. ಹೇಳಿ ಹೇಳಿ ನಾಲಿಗೆಗೆ ಅದರ ರುಚಿಯೇ ಹೋಗಿತ್ತು.

ಎಪ್ಪತ್ತಾರನೆಯ ಇಸವಿಯ ದಸರೆ. ಕನ್ನೊಳ್ಳಿಯ ಯಂಕಪ್ಪನ ಮುಂದಾಳುತನದಲ್ಲಿ ಕಬ್ಬು ಕಡಿಯುವವರ ಟೋಳಿ ತುಂಬಿತು ಅನ್ನುವಷ್ಟರಲ್ಲಿ ಒಂದು ಜೋಡಿಯ ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಒಂದು ಕೊಯ್ತಾ ಕಡಿಮೆ ಬಿತ್ತು. ಧೂಳಪ್ಪ ಇಂಡಿ ಬಸ್ಸು ಹಿಡಿದು, ಅಲ್ಲಿಂದ ಹೊರ್ತಿಗೆ ಬಂದು, ಗೈಬುಸಾಬನ ಚಹಾದಂಗಡಿಯ ಬಾಕಿನ ಮೇಲೆ ಕುಸಿದು ಕೂತ.

"ಜೋಡಿ ಯಾವ್ದೂ ಉಳದಿಲ್ಲ" ಎಂದ ಗೈಬುಸಾಬ. ಅವನಿಗೆ ಗೊತ್ತಿಲ್ಲದ ಮನೆಯ ಸುದ್ದಿ ಹೊರ್ತಿಯಲ್ಲಿ ಇರಲಿಲ್ಲ. "ಒಂಟಿ ಹೆಣ್ಮಕ್ಕಳು ಇಬ್ರು ಅದಾರ. ಒಂದ ಮನ್ಯಾಗ."

"ಅವ್ವ ಮಗಳೇನು?"

"ಸವತ್ಯಾರು."

ಅವರಿಬ್ಬರ ಗಂಡ ಸೋಮನಿಂಗನ ಕತೆ ಸಣ್ಣದು. ಮೊದಲು ರೇವವ್ವನನ್ನು ಮದುವೆಯಾದ. ಮಕ್ಕಳಾಗಲಿಲ್ಲವೆಂದು ರಾಮವ್ವನನ್ನು ತಂದ. ಅವಳಿಗೂ ಆಗಲಿಲ್ಲ. ಆಮೇಲೆ ಊರಿಗೆ ಬಂದ ನಾಟಕ ಕಂಪನಿಯ ಪೆಟ್ಟಿಗೆ ಹೊತ್ತುಕೊಂಡು, ಇಬ್ಬರಿಗೂ ಹೇಳದೆ ಹೋದ. ಹೋಗಿ ಎರಡು ಮಳೆಗಾಲ ಕಳೆದಿತ್ತು. ಮನೆ ಅವನ ಅಣ್ಣ ಸಿದ್ದರಾಯನ ಹೆಸರಿನಲ್ಲಿತ್ತು. ಮಗನ ಲಗ್ನ ಗೊತ್ತಾಗಿದೆ, ದೀಪಾವಳಿಗೆ ಮೊದಲು ಮನೆ ಬಿಡಿ ಎಂದು ಸಿದ್ದರಾಯ ಇಬ್ಬರಿಗೂ ಹೇಳಿ ಕೂತಿದ್ದ. ತವರೆಂದು ಹೇಳಿಕೊಳ್ಳಲು ಇಬ್ಬರಿಗೂ ಯಾರೂ ಇರಲಿಲ್ಲ. ಕಬ್ಬಿನ ವಸತಿಯಲ್ಲಿ ಒಂದು ಗುಡಿಸಲಾದರೂ ಸಿಕ್ಕೀತೆಂದು ಇಬ್ಬರೂ ಬೇರೆಬೇರೆಯಾಗಿ ಬಂದು ಗೈಬುಸಾಬನನ್ನು ಕೇಳಿಕೊಂಡಿದ್ದರು.

"ಇಬ್ರೂ ಕೂಡಿ ಬರ್ತಾರೇನು?" ಎಂದ ಧೂಳಪ್ಪ. ಆ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ಅದರ ವಿಚಿತ್ರ ಹೊಳೆಯಿತು.

ಗೈಬುಸಾಬ ನಕ್ಕ. "ಅವ್ರು ಒಬ್ರಿಗೊಬ್ರು ಮಾತ ಆಡಂಗಿಲ್ಲಪಾ. ರಾಮವ್ವ ಮನಿ ತುಂಬಿದ ದಿನದಿಂದ್ಲೂ ಇಲ್ಲ."

ಮನೆಗೆ ಹೋಗಿ ನೋಡಿದರೆ ನಿಜವೇ. ನಡುಮನೆಯಲ್ಲಿ ಒಂದು ಬೀಸುವ ಕಲ್ಲು. ಅದರ ಆಚೆ ಒಂದು ಒಲೆ, ಈಚೆ ಒಂದು ಒಲೆ. ಧೂಳಪ್ಪ ಬಂದ ಕಾರಣ ಹೇಳಿದ. ಹಿರಿಯಳಾದ ರೇವವ್ವ, ಗಟ್ಟಿ ಮೈಯ ಹೆಂಗಸು, ಬೀಸುವ ಕಲ್ಲಿನ ಕಡೆ ಮುಖ ಮಾಡಿ, "ಕೇಳಿದ್ಯಾ ಕಲ್ಲ? ನನಗ ಕೊಯ್ತಾ ಹಿಡ್ಯಾಕ ಬರ್ತೈತಿ. ಹೊರಿ ಕಟ್ಟಾಕ ಯಾರಿಗೆ ಬರ್ತೈತೋ ಕೇಳು" ಎಂದಳು.

ರಾಮವ್ವ ತೆಳ್ಳಗೆ, ಚುರುಕು. ಅವಳೂ ಕಲ್ಲಿಗೇ ಉತ್ತರ ಕೊಟ್ಟಳು. "ಹೊರಿ ಕಟ್ಟೂದು ನನಗ ಯಾರೂ ಕಲಿಸೂದ ಬ್ಯಾಡ ಅಂತ ಹೇಳ ಕಲ್ಲ."

ಕಲ್ಲು ಸುಮ್ಮನಿತ್ತು. ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದದ್ದು ಅದೇ ಇರಬೇಕೆಂದು ಧೂಳಪ್ಪನಿಗೆ ಅನ್ನಿಸಿತು.

ಗೈಬುಸಾಬನ ಬಾವಿಯ ದಂಡೆಯಲ್ಲಿ ತುಸು ಕಬ್ಬಿತ್ತು. ಧೂಳಪ್ಪ ಇಬ್ಬರನ್ನೂ ಅಲ್ಲಿಗೆ ಕರೆದೊಯ್ದು ಸಾಲು ತೋರಿಸಿದ. ಹೊಸಬರನ್ನು ಅವನು ನೋಡುತ್ತಿದ್ದ ರೀತಿ ಬೇರೆ. ಕಡಿಯುವವರ ರಟ್ಟೆ ನೋಡುವುದಿಲ್ಲ. ಕಡಿದ ಕಬ್ಬು ಕೆಳಗೆ ಬೀಳುವ ಮೊದಲು ಹಿಂದಿನವರ ಕೈ ಅಲ್ಲಿ ಇದೆಯೋ ಇಲ್ಲವೋ ಅದನ್ನು ನೋಡುತ್ತಾನೆ. ಎಷ್ಟೋ ಗಂಡ ಹೆಂಡಿರಿಗೆ ಅದು ಬರುವುದಿಲ್ಲ. ಗಂಡ ಒಂದು ಕಡೆ ಬೀಸುತ್ತಾನೆ, ಹೆಂಡತಿ ಇನ್ನೊಂದು ಕಡೆ ಬಾಗಿರುತ್ತಾಳೆ, ಸಂಜೆಗೆ ಜಗಳ.

ರೇವವ್ವ ಬುಡಕ್ಕೆ ಹೊಡೆದಳು. ಕಬ್ಬು ವಾಲುವಷ್ಟರಲ್ಲಿ ರಾಮವ್ವನ ಕೈ ಅದರ ನಡುವನ್ನು ಹಿಡಿದಿತ್ತು. ಸೋಗೆ ಹೋಯಿತು, ತುದಿ ಹೋಯಿತು, ಹೊರೆಗೆ ಸೇರಿತು. ಮತ್ತೆ ಹೊಡೆತ, ಮತ್ತೆ ಕೈ. ಮಾತಿಲ್ಲ. ಬದುವಿನ ಮೇಲೆ ಕಟ್ಟಿದ್ದ ಎಮ್ಮೆಗೆ ಮಾತ್ರ ಆಗಾಗ ಹೇಳಿಕೆಗಳು ಹೋಗುತ್ತಿದ್ದವು. "ಕಾಲ ಹಿಂದ ತಗೋ ಅನ್ನ ಎಮ್ಮಿ, ಕೊಯ್ತಾ ಬಡದೀತು." "ನನ್ನ ಕಾಲ ನಂಗೈತಿ ಅನ್ನ ಎಮ್ಮಿ." ಅಷ್ಟು ಹೇಳಿಯೂ ರಾಮವ್ವ ಕಾಲು ಹಿಂದಕ್ಕೆ ತೆಗೆದಳು. ಹೊರೆ ಕಟ್ಟಿದ ಮೇಲೆ ರೇವವ್ವ ಬಾಗಿ ನಿಂತಳು, ರಾಮವ್ವ ಎತ್ತಿ ತಲೆಯ ಮೇಲಿಟ್ಟಳು, ರೇವವ್ವ ಬಾವಿಯ ಏರಿಯನ್ನು ಸರಸರ ಹತ್ತಿ ಹೊರೆ ಇಳಿಸಿ ಬಂದಳು. ಲಾರಿಗೆ ಹೇರುವುದೂ ಬರುತ್ತದೆ ಎಂದಾಯಿತು.

ಧೂಳಪ್ಪನಿಗೆ ಆಶ್ಚರ್ಯವಾಗಲಿಲ್ಲ, ಸಂತೋಷವಾಯಿತು. ಒಂದೇ ಮನೆಯಲ್ಲಿ ಅಷ್ಟು ವರ್ಷ ಒಬ್ಬಳು ಎಲ್ಲಿ ಕಾಲಿಡುತ್ತಾಳೆಂದು ಇನ್ನೊಬ್ಬಳು ಕಣ್ಣಿಟ್ಟು ನೋಡಿಕೊಂಡೇ ಬದುಕಿದ್ದರು. ಹಗೆತನಕ್ಕೆ ಕಲಿತದ್ದು ಕಬ್ಬಿಗೆ ಬಂತು.

ಬಾಬುಲಾಲನಿಗೆ ಈ ಸುದ್ದಿ ಹೇಳಿದಾಗ ಅವನು ಬಾಯಿಯೊಳಗಿನ ಎಲೆ ಅಡಿಕೆ ಉಗುಳಿ ಬಂದು ಮತ್ತೊಮ್ಮೆ ಕೇಳಿಸಿಕೊಂಡ.

"ಎರಡ ಹೆಣ್ಣು! ಅದೂ ಸವತ್ಯಾರು! ಧೂಳ್ಯಾ, ನಿನಗ ತಲಿ ಐತೋ ಇಲ್ಲೋ? ಮಾತ ಆಡದಾವ್ರು ಜೋಡಿ ಹೆಂಗ ಆಗ್ತಾರ?"

"ಗಂಡ ಹೆಂಡ್ತಿ ಎಷ್ಟ ಮಂದಿ ಮಾತಾಡ್ತಾರ್ರಿ ಸಾವಕಾರ್ರ?"

ಬಾಬುಲಾಲನಿಗೆ ನಗು ಬಂದರೂ ತಡೆದುಕೊಂಡ. ಅವನ ಹೆಂಡತಿ ಜನ್ನತಬಿ ಅವನೊಡನೆ ಮಾತು ಬಿಟ್ಟು ಮೂರನೆಯ ದಿನವೆಂದು ಕೆಳಗಿನ ಸೈಕಲ್ ಅಂಗಡಿಯವರಿಗೂ ಗೊತ್ತಿತ್ತು. "ಆತು, ಹಾಕು" ಎಂದ ಕಡೆಗೆ. "ಆದ್ರ ಇದು ನಿನ್ನ ಜವಾಬ್ದಾರಿ. ನಡು ಹಂಗಾಮದಾಗ ಅವ್ರು ಕೂದಲ ಹಿಡಕೊಂಡು ಬಡಿದಾಡಿ ತಿರುಗಿ ಬಂದ್ರ, ನೀನೂ ಈ ಮಾಳಿಗಿ ಹತ್ತೂದು ಬ್ಯಾಡ."

ಧೂಳಪ್ಪ ಒಪ್ಪಿಕೊಂಡ. ಒಪ್ಪಿಕೊಂಡು ಮನೆಗೆ ಹೋದವನು ಹೆಂಡತಿ ಹುಚ್ಚವ್ವ ಬಡಿಸಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಬೇರೆಯವರಿಗೆಲ್ಲ ನೌಕರಿ ಕೊಡಿಸುತ್ತ ತಿರುಗುವವನ ನೌಕರಿ ಈಗ ಒಂದು ಬೀಸುವ ಕಲ್ಲಿನ ಮೇಲೆ ನಿಂತಿತ್ತು.

ಬನ್ನಿ ಮುಡಿದ ಮರುದಿನ ಲಾರಿ ಹೊರಟಿತು. ಕನ್ನೊಳ್ಳಿಯಲ್ಲಿ ಯಂಕಪ್ಪನ ಮಂದಿ ಹತ್ತಿದರು; ಪಾತ್ರೆ, ಕೋಳಿ, ತೊಟ್ಟಿಲು, ಎಲ್ಲವೂ ಹತ್ತಿದವು. ಮುಂದಿನ ಸೀಟಿನಲ್ಲಿ ಖುದ್ದು ಬಾಬುಲಾಲ. ಸಿಂದಗಿ ದಾಟಿ, ಇಂಡಿ ದಾಟಿ, ಹೊರ್ತಿ ಮುಟ್ಟುವಾಗ ಬಿಸಿಲೇರಿತ್ತು. ಗೈಬುಸಾಬನ ಅಂಗಡಿಯ ಮುಂದೆ ರೇವವ್ವ, ರಾಮವ್ವ ಇಬ್ಬರೂ ತಮ್ಮ ತಮ್ಮ ಗಂಟು ಇಟ್ಟುಕೊಂಡು ನಿಂತಿದ್ದರು. ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ.

ಅವರಿಗಿಂತ ಮುಂದೆ ಇನ್ನೊಬ್ಬ ನಿಂತಿದ್ದ. ಎಣ್ಣೆ ಹಚ್ಚಿ ಬಾಚಿದ ಉದ್ದ ಕ್ರಾಪು, ಸಿಲ್ಕಿನ ಜುಬ್ಬಾ, ಕೈಯಲ್ಲಿ ತಗಡಿನ ಪೆಟ್ಟಿಗೆ. ನಾಟಕ ಕಂಪನಿ ಮುಳುಗಿತ್ತು. ಸೋಮನಿಂಗ ನಿನ್ನೆ ಸಂಜೆಯ ಬಸ್ಸಿಗೆ ಊರಿಗೆ ಬಂದಿದ್ದ. ಬಂದವನಿಗೆ ಅಣ್ಣನ ಮನೆಯಲ್ಲಿ ಜಾಗವಿಲ್ಲ ಎಂದು ಗೊತ್ತಾಗಿತ್ತು, ಕಬ್ಬಿನ ಲಾರಿ ಬರುತ್ತದೆ ಎಂದೂ ಗೊತ್ತಾಗಿತ್ತು.

"ಧೂಳಪ್ಪಣ್ಣ, ನಾ ಬಂದೇನಿ. ಇನ್ನ ನಿನಗ ಚಿಂತಿ ಬ್ಯಾಡ" ಎಂದ ದೊಡ್ಡ ಉಪಕಾರ ಮಾಡುವವನಂತೆ. "ಗಂಡಸು ನಾ ಇದ್ದೇನಿ. ಈ ಇಬ್ರಾಗ ಯಾರು ಚೊಲೋ ಹೊರಿ ಕಟ್ತಾರ ನೀನ ಹೇಳಿಬಿಡು. ಆಕಿನ್ನ ಕರ್ಕೊಂಡು ಹತ್ತತೇನಿ. ಇನ್ನೊಬ್ಬಾಕಿ ಹೆಂಗರ ಇರ್ತಾಳ."

ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡುವ ಹಾಗೆ! ಧೂಳಪ್ಪನಿಗೆ ಮೈ ಉರಿಯಿತು. ಆದರೆ ಲಾರಿಯ ಕಿಟಕಿಯಿಂದ ಬಾಬುಲಾಲ ತಲೆ ಹೊರಗೆ ಹಾಕಿದ್ದ.

"ಅದ್ರಾಗ ವಿಚಾರ ಏನೈತಿ ಧೂಳ್ಯಾ? ಗಂಡ ಬಂದಾನ, ಹೆಂಡ್ತಿ ಅದಾಳ. ಸರಿಯಾದ ಕೊಯ್ತಾ. ನಿನ್ನ ತಲಿಮ್ಯಾಗಿನ ಕಲ್ಲೂ ಇಳೀತು. ಹತ್ತಸು!"

ಇಳಿಯಿತು, ನಿಜ. ಇದಕ್ಕಿಂತ ಸುಲಭ ಯಾವುದಿತ್ತು? ಒಬ್ಬಳ ಕಡೆ ಬೆರಳು ತೋರಿಸಿದರೆ ಅವನ ನೌಕರಿ ಗಟ್ಟಿ. ಉಳಿದವಳು ದೀಪಾವಳಿಗೆ ಬೀದಿಯಲ್ಲಿ ನಿಲ್ಲುತ್ತಾಳೆ. ಧೂಳಪ್ಪ ಅತ್ತ ನೋಡಿದ, ಇತ್ತ ನೋಡಿದ. ಬೆರಳು ಏಳಲಿಲ್ಲ.

"ನಾ ಹೇಳಾಂವಲ್ಲ. ಹೋಗಾವ್ರು ಅವ್ರು. ಅವ್ರನ್ನ ಕೇಳು" ಎಂದ.

ಲಾರಿಯ ಮೇಲಿನವರು ಅಂಚಿಗೆ ಬಂದು ಬಗ್ಗಿದರು. ಇಬ್ಬರಲ್ಲಿ ಯಾರೊಬ್ಬಳು 'ಹೂಂ' ಅಂದರೂ ಮುಗಿಯಿತು; ಗಂಡ, ಗುಡಿಸಲು ಎರಡೂ ಅವಳಿಗೆ, ಅಷ್ಟು ವರ್ಷದ ಪೈಪೋಟಿಯೂ ಗೆದ್ದಂತೆ. ರಾಮವ್ವ ಸೋಮನಿಂಗನ ಮುಖವನ್ನೇ ನೋಡುತ್ತಿದ್ದಳು. ಈಕೆ ಹೋಗುತ್ತಾಳೆ ಅಂದುಕೊಂಡ ಧೂಳಪ್ಪ. ತಪ್ಪು ಅನ್ನಲು ಅವನಿಗೆ ಬಾಯಿ ಇರಲಿಲ್ಲ, ಆದರೆ ಸಂಕಟವಾಯಿತು.

ರೇವವ್ವ ತನ್ನ ಗಂಟು ಎತ್ತಿ ಕಂಕುಳಿಗೆ ಸೇರಿಸಿದಳು. ಹತ್ತಿರದಲ್ಲಿ ಗೈಬುಸಾಬನ ಎಮ್ಮೆ ಇತ್ತು, ಒಲೆಯ ಕಲ್ಲುಗಳಿದ್ದವು, ಹೇಳಿ ಕಳಿಸಲು ಬೇಕಾದಷ್ಟು ಇತ್ತು. ಅವಳು ಯಾವುದರ ಕಡೆಗೂ ತಿರುಗಲಿಲ್ಲ. ನೇರವಾಗಿ ರಾಮವ್ವನ ಮುಖ ನೋಡಿದಳು.

"ರಾಮೀ," ಎಂದಳು. "ಹೊರಿ ಕಟ್ಟಾಕ ಹಗ್ಗ ತಗೊಂಡೀ ಇಲ್ಲೋ?"

ರಾಮವ್ವ ಬೆಚ್ಚಿದಳು. ತನ್ನ ಹೆಸರು ಆ ಬಾಯಲ್ಲಿ ಅವಳು ಎಂದೂ ಕೇಳಿರಲಿಲ್ಲ. ಸೋಮನಿಂಗನ ಮೇಲಿನ ಕಣ್ಣು ಕಿತ್ತುಕೊಂಡು ರೇವವ್ವನ ಕಡೆ ತಿರುಗುವುದಕ್ಕೆ ಒಂದು ಗಳಿಗೆ ಹಿಡಿಯಿತು. ತಿರುಗಿದ ಮೇಲೆ ಮಾತ್ರ ತಡಮಾಡಲಿಲ್ಲ.

"ತಗೊಂಡೇನಿ ಅಕ್ಕ" ಎಂದಳು.

"ಮತ್ತ ನಡಿ. ಬಿಸಿಲ ಏರಾಕತ್ತೈತಿ."

ರಾಮವ್ವ ಮೊದಲು ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು. ಮೇಲಿಂದ ಕೈ ಚಾಚಿದಳು. ರೇವವ್ವನ ಮೈ ಭಾರ; ಆ ಕೈ ಹಿಡಿಯದೆ ಹತ್ತಲಾಗುತ್ತಿರಲಿಲ್ಲ. ಹಿಡಿದಳು, ಹತ್ತಿದಳು. ಯಂಕಪ್ಪ ತನ್ನ ಕೋಳಿಬುಟ್ಟಿ ಸರಿಸಿ ಇಬ್ಬರಿಗೂ ಒಂದೇ ಕಡೆ ಜಾಗ ಮಾಡಿಕೊಟ್ಟ.

"ಕೊಯ್ತಾ ತುಂಬೇತ್ರಿ ಸಾವಕಾರ್ರ" ಎಂದ ಧೂಳಪ್ಪ, ಕಿಟಕಿಯ ಕಡೆ ನೋಡದೆ. ಬಾಬುಲಾಲ ಡ್ರೈವರನ ತೊಡೆ ತಟ್ಟಿದ. ಲಾರಿ ಗುರುಗುಟ್ಟಿತು.

ಸೋಮನಿಂಗ ಪೆಟ್ಟಿಗೆ ಹಿಡಿದು ಲಾರಿಯ ಹಿಂದೆ ನಾಲ್ಕು ಹೆಜ್ಜೆ ಓಡಿದ. "ಏ ಧೂಳಪ್ಪಣ್ಣ! ಮತ್ತ ನಾ?"

ಧೂಳಪ್ಪ ಲಾರಿಯ ಹಿಂದಿನ ಹಲಗೆ ಹಿಡಿದು ಆಗಷ್ಟೆ ಮೇಲೆ ಹತ್ತಿದ್ದ. ಎಷ್ಟೋ ಬಾಗಿಲುಗಳ ಮುಂದೆ ಹೇಳಿ ರುಚಿಗೆಟ್ಟಿದ್ದ ಮಾತು, ಆ ದಿನ ಮಾತ್ರ ಅವನ ಬಾಯಿಗೆ ಬೆಲ್ಲದಂತೆ ಬಂತು.

"ಒಂಟಿ ಮಂದಿ ತಗೋಳಂಗಿಲ್ಲಪಾ" ಎಂದ.