ಕಾವೇರಿ ಎಂಬ ನದಿ

ಮೊರದಿಂದ ಕಾಳು ಚಿಮ್ಮಿ ಗೋಡೆಗೆ ಬಡಿಯಿತು, ಎಲ್ಲಿ ಬಿತ್ತೋ, ಈಗ ಹುಡುಕುವುದು ಬೇಡ, ಎದ್ದರೆ ಬಳೆ ಸದ್ದು, ಬಳೆ ಸದ್ದಾದರೆ ಜಗುಲಿಯಲ್ಲಿ ಓದುತ್ತಿರುವ ನಾಗರಾಜುವಿನ ಒಂದು ಮಾತು ತಪ್ಪಿಹೋಗುತ್ತದೆ — ಇನ್ನೂ ಹದಿನೈದನೆಯ ಹಾಳೆ, ಕರಿಘಟ್ಟದ ಮೇಲಿನ ಬಿಸಿಲು, ಹೊಳೆಯ ಆಚೆ ದಂಡು ಬಂದಿಳಿದ ಧೂಳು, ಇಷ್ಟೂ ಮೇಷ್ಟ್ರು ಹೇಳಿದ್ದೇ, ಅವರು ಹೇಳಿದರು ನಾನು ಬರೆದೆ, ಇಲ್ಲಿಯವರೆಗೆ ನನಗೆ ಹೆದರಿಕೆಯಿಲ್ಲ, ಹೆದರಿಕೆ ಇರುವುದೆಲ್ಲ ಇಪ್ಪತ್ತೆರಡನೆಯ ಹಾಳೆಯಲ್ಲಿ, ಅಲ್ಲಿ ಅವರು ಒಂದು ಹೇಳಿದರು ನಾನು ಇನ್ನೊಂದು ಬರೆದೆ, ಬರೆದ್ಯೇನೇ ಎಂದು ಕೇಳಿದರೆ ಬರೆದೆ ಎಂದೆ, ಕಣ್ಣು ಹೋದ ಗಂಡನಿಗೆ ಹೇಳಿದ ಸುಳ್ಳು, ಒಂದು ವರ್ಷ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದದ್ದು, ಈಗ ಇನ್ನೊಬ್ಬನ ಬಾಯಿಂದ ಅವರ ಕಿವಿಗೇ ಬೀಳುತ್ತದೆ. ಈ ನಾಗರಾಜು ಮೇಷ್ಟ್ರ ಹಳೆಯ ಶಿಷ್ಯ, ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾನೆ, ಗೆಳೆಯರ ಜೊತೆ ಸೇರಿ ವರ್ಷಕ್ಕೆರಡು ಪುಸ್ತಕ ಅಚ್ಚು ಹಾಕಿಸುತ್ತಾನೆ, ಬೆಳಿಗ್ಗೆ ಬಸ್ಸಿಳಿದು ಬಂದವನು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ, ಅಮ್ಮಾ ಎಲ್ಲಿ ಪುಸ್ತಕ, ಒಂದು ಸಲ ಮೇಷ್ಟ್ರಿಗೆ ಪೂರ್ತಿ ಓದಿ ಕೇಳಿಸ್ಬುಟ್ಟು ತಗೊಂಡೋಗ್ತೀನಿ, ಅವರು ಊಂ ಅಂದ್ಮೇಲೇ ಅಚ್ಚು. ಅಂಗೇ ತಗೊಂಡೋಗಪ್ಪ, ಹೇಳಿದೋರಿಗೆ ಇನ್ನೇನು ಕೇಳಿಸ್ತೀಯ ಎಂದೆ. ಒಳಗಿನಿಂದ ಮೇಷ್ಟ್ರು, ಲೇ ಇವಳೇ, ನನ್ನ ಪುಸ್ತಕ ನಾನು ಕೇಳ್ಬಾರ್ದಾ? ಎಂದು ಗೋಡೆ ತಡವಿಕೊಂಡು ಬಂದು ಜಗುಲಿಯಲ್ಲಿ ಕುಳಿತೇಬಿಟ್ಟರು, ಕುಳಿತು, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ, ಸೋಲ್ಜರಿಗೆ ನೀರು ಕುಡಿಸೋ ಘಟ್ಟ ಬತ್ತದೆ ನೋಡು ನಾಗರಾಜು, ಪುಸ್ತಕದ ಜೀವ ಇರೋದೇ ಅಲ್ಲಿ ಕಣಪ್ಪ ಎಂದರು. ನಾನು ಮೊರ ಎಳೆದುಕೊಂಡು ಕಾಳು ಆರಿಸಲು ಕುಳಿತೆ. ಸೋಲ್ಜರ್ ಇಲ್ಲ ಅಲ್ಲಿ. ನಾನು ಅವನನ್ನು ಬರೆದೇ ಇಲ್ಲ.

ಅವರ ಹೆಸರನ್ನು ನಾನು ಇದುವರೆಗೆ ಬಾಯಿಬಿಟ್ಟು ಹೇಳಿದವಳಲ್ಲ, ಗಂಡನ ಹೆಸರು ಹೇಳಬಾರದು, ಊರಿಗೆಲ್ಲ ಮೇಷ್ಟ್ರು, ನನಗೂ ಮೇಷ್ಟ್ರು, ನಲವತ್ತೈದು ವರ್ಷ ಹಾಗೇ ಕಳೆಯಿತು, ಕಿರಂಗೂರಿನಿಂದ ಗಾಡಿಯಲ್ಲಿ ಸೊಸೆಯಾಗಿ ಬಂದಾಗ ಈ ಊರು ಇನ್ನೂ ಪಾಂಡವಪುರವಲ್ಲ, ಫ್ರೆಂಚ್ ರಾಕ್ಸ್, ನಮ್ಮತ್ತೆಯ ಬಾಯಲ್ಲಿ ಪೆಂಚರಾಕ್ಸು, ಅವರತ್ತೆಯ ಬಾಯಲ್ಲಿ ಹಿರೋಡೆ, ಒಂದೇ ಬಂಡೆ, ಒಂದೇ ಕೆರೆ, ಕರೆಯುವವರು ಮಾತ್ರ ಬೇರೆ ಬೇರೆ. ಮೇಷ್ಟ್ರಿಗೆ ಪಾಂಡವಪುರ ಎಂಬ ಹೆಸರು ಬಂದು ಎಷ್ಟು ಹೆಮ್ಮೆ, ಮಕ್ಕಳ ಕೈಲಿ ಹಲಗೆಯ ಮೇಲೆ ಹತ್ತು ಸಲ ಬರೆಸಿದರಂತೆ, ಆದರೂ ಐವತ್ತಾರನೇ ಇಸವಿಯಲ್ಲಿ ತಮ್ಮ ಇಂಗ್ಲಿಷ್ ಪುಸ್ತಕವನ್ನು ಬಟ್ಟೆಯಲ್ಲಿ ಹೊಲಿದು ಲಂಡನ್ನಿಗೆ ಕಳಿಸುವಾಗ ವಿಳಾಸ ಬರೆದದ್ದು ಫ್ರೆಂಚ್ ರಾಕ್ಸ್ ಎಂದೇ, ಅಲ್ಲಿಯೋರಿಗೆ ಪಾಂಡವಪುರ ಅಂದ್ರೆ ಏನು ತಿಳೀತದೆ, ಇದಾದ್ರೆ ಅವರ ಭೂಪಟದಲ್ಲೇ ಅದೆ. ಟಪಾಲಿನ ಕರಿಯಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಏನ್ ಮೇಷ್ಟ್ರೇ, ನೀವಿನ್ನೂ ದೊರೆಗಳೂರಲ್ಲೇ ಇದೀರಾ, ನಾವೆಲ್ಲ ಪಾಂಡವರೂರಿಗೆ ಬಂದ್ಬುಟ್ವಲ್ಲ ಎಂದ, ಮೇಷ್ಟ್ರು ನಗಲಿಲ್ಲ, ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ. ಆ ಪುಸ್ತಕಕ್ಕೆ ಎಷ್ಟು ಬೆಳಗುಗಳು ಹೋದವೋ, ಶಾಲೆಗೆ ಹೊರಡುವ ಮುಂಚೆ ಕಿಟಕಿಯ ಪಕ್ಕದ ಮೇಜು, ಗುಂಡಿ ಹಾಕಿದ ಅಂಗಿ — ಬರೆಯಲು ಕೂರುವಾಗ ಅಂಗಿಯ ಗುಂಡಿ ಪೂರ್ತಿ ಹಾಕಲೇಬೇಕು, ಯಾರೋ ನೋಡುತ್ತಿರುವ ಹಾಗೆ — ನಾನು ಒರಳ ಮುಂದೆ, ನಡುವೆ ಒಂದು ಕೂಗು, ಲೇ ಇವಳೇ, ರಾಗಿ ತೂರೋವಾಗ ಗಾಳಿ ಎಲ್ಲಿಂದ ಬರ್ಬೇಕು? ಪಡುವಲಿಂದ, ಹೊಟ್ಟು ದೂರ ಬೀಳ್ತದೆ ಎನ್ನುತ್ತಿದ್ದೆ, ನಾನು ಹೇಳಿದ ಗಾಳಿ ಒಳಗೆ ಹೋಗಿ ಇಂಗ್ಲಿಷಾಗುತ್ತಿತ್ತು, ಆಮೇಲೆ ಅದು ನನಗೆ ಸಿಕ್ಕುತ್ತಿರಲಿಲ್ಲ, ಸಿಕ್ಕದಿದ್ದರೆ ಏನಂತೆ, ಅವರು ಕೇಳುತ್ತಿದ್ದರಲ್ಲ, ದಿನಕ್ಕೆ ನಾಲ್ಕು ಸಲ ನನ್ನನ್ನು ಕೇಳುತ್ತಿದ್ದರು, ಆ ಸುಖ ನನಗೆ ಇನ್ನು ಯಾವುದರಲ್ಲೂ ಸಿಕ್ಕಲಿಲ್ಲ. ಅಣೆಕಟ್ಟು ಕಟ್ಟವ್ರೆ, ನಾಲೆ ತಂದವ್ರೆ, ಸಕ್ಕರೆ ಕಾರ್ಖಾನೆ ಬತ್ತದೆ ಅಂತಾವ್ರೆ, ಇಷ್ಟು ದೊಡ್ಡ ದೇಶಕ್ಕೆ ಒಂದು ದೊಡ್ಡ ಪುಸ್ತಕ ಬ್ಯಾಡ್ವೇನೇ, ಶ್ರೀರಂಗಪಟ್ಣ ಬಿದ್ದ ಕಥೆ, ನಮ್ಮೋರು ಬರೆದದ್ದು, ಲೋಕ ಓದಿ ಭಲೇ ಅನ್ಬೇಕು. ಲೋಕ ಅಂದ್ರೆ ಯಾರು ಮೇಷ್ಟ್ರೇ? ಮೊದಲು ಲಂಡನ್ನು, ಆಮೇಲೆ ಡೆಲ್ಲಿ, ಆಮೇಲೆ ಮೈಸೂರು. ನಾವು? ನೀವೂ ಓದ್ತೀರಿ ಬುಡು, ಕೊನೇಲಿ. ಕೊನೇಲಿ ಉಣ್ಣೋದು ನಮಗೇನು ಹೊಸದಾ ಎಂದೆ, ಅವರು ನಕ್ಕರು, ಶಾಲೆಗೆ ಹೋಗುವವರೆಗೂ ನಗುತ್ತಲೇ ಇದ್ದರು, ಎಂಥ ಬೆಳಗು ಅದು, ಬಾಗಿಲಲ್ಲಿ ಬಿಸಿಲು, ಮೇಜಿನ ಮೇಲೆ ಮಸಿ ಆರದ ಹಾಳೆ.

ಎಂಟು ತಿಂಗಳಿಗೆ ವಾಪಸು ಬಂತು. ಜೊತೆಗೊಂದು ಕಾಗದ. ನಿಂತೇ ಓದಿದರು, ನನಗೆ ಕನ್ನಡದಲ್ಲಿ ಹೇಳಿದರು, ನಿಮ್ಮ ಇಂಗ್ಲಿಷು ಬಹಳ ಚೆನ್ನಾಗಿದೆ, ಆದರೆ ಈ ಕಥೆಯನ್ನು ನಮ್ಮವರೇ ಆಗಲೇ ಬರೆದಿದ್ದಾರೆ. ಅದು ಹೇಗೆ, ನಾನು ಹೇಳಿದ ಗಾಳಿ, ಕಣ, ಕಿರಂಗೂರಿನ ಹುಣಸೆ ತೋಪು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ, ಅವರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಆಮೇಲೆ ವರ್ಷಗಟ್ಟಲೆ ಮೇಜಿನ ಮೇಲೆ ಹುರುಳಿ ಡಬ್ಬ, ಹಪ್ಪಳದ ಡಬ್ಬ ಬಂದು ಕುಳಿತವು, ಮನೆಯೊಳಗೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆ ಸುಮ್ಮನಿರುವಿಕೆ ತಾಳಲಾರದೆಯೇ ನಾನು ಇಂದ್ರಮ್ಮನವರ ರಾತ್ರಿ ಶಾಲೆಗೆ ಹೋದದ್ದಿರಬೇಕು, ಅರವತ್ತೆರಡರಲ್ಲಿ, ನನಗೆ ನಲವತ್ತೆಂಟು, ಪಕ್ಕದಲ್ಲಿ ಕುಳಿತ ಪಾರ್ವತಮ್ಮ, ಅಕ್ಕೋ, ಮೇಷ್ಟ್ರ ಹೆಂಡ್ತೀನೇ ಇಲ್ಲಿಗೆ ಬಂದ್ರೆ ನಮಗೆ ಮರ್ವಾದಿ ಎಲ್ಲದೆ ಎಂದು ಚುಚ್ಚಿದಳು, ದೀಪದ ಕೆಳಗೇ ಕತ್ತಲೆ ಕಣವ್ವ ಎಂದೆ. ಹಲಗೆ ಒಡೆಯುವ ಹಾಗೆ ಒತ್ತಿ ಬರೆಯುತ್ತಿದ್ದೆ, ಈಗಲೂ ಹಾಗೇ, ನಿಬ್ಬು ಕಾಗದ ಹರಿಯುತ್ತದೆ, ಇಂದ್ರಮ್ಮನವರು, ಪುಟ್ಟತಾಯಮ್ಮಾ, ಅಕ್ಷರ ಓಡೋಗಲ್ಲ, ಅಷ್ಟು ಹಿಡ್ಕೋಬೇಡಿ ಎನ್ನುತ್ತಿದ್ದರು. ಆಮೇಲೆ ಮೇಷ್ಟ್ರ ಕಣ್ಣು ಹೋಯಿತು, ಕಣ್ಣಿನ ನರ ಒಣಗಿದೆ ಎಂದರು ಮೈಸೂರಿನ ಡಾಕ್ಟರು, ಎರಡು ವರ್ಷ ಮಂಚದ ಮೇಲೆ ಕಲ್ಲಿನ ಹಾಗೆ ಕುಳಿತಿದ್ದವರು ಒಂದು ದಿನ, ಲೇ ಇವಳೇ, ಕನ್ನಡದಲ್ಲಿ ಹೇಳ್ತೀನಿ, ಬರೀತೀಯಾ? ನಾನು ಡಬ್ಬಗಳನ್ನು ಇಳಿಸಿ ಮೇಜು ಒರೆಸಿದೆ. ಅವರು ಅಂಗಿಯ ಗುಂಡಿ ತಡವಿ ತಡವಿ ಹಾಕಿಕೊಂಡರು.

ಹದಿನೆಂಟನೆಯ ಹಾಳೆ ಈಗ, ನಾಗರಾಜು ಗಂಟಲು ಸರಿಮಾಡಿಕೊಂಡ, ನೀರು ಕೊಡಬೇಕು, ಕೊಡಲು ಹೋದರೆ ಮೇಷ್ಟ್ರ ಮುಖ ಕಾಣುತ್ತದೆ, ಬೇಡ. ಮೊದಲ ದಿನವೇ ಹೇಳಿದ್ದರು, ಕಾವೇರಿ ಎಂಬ ನದಿಯ ದಡದಲ್ಲಿ ಶ್ರೀರಂಗಪಟ್ಟಣ ಎಂಬ ಪಟ್ಟಣವಿತ್ತು. ನಾನು ನಿಬ್ಬು ಎತ್ತಿ ಕುಳಿತೆ, ಕಾವೇರಿ ಎಂಬ ನದಿ, ನಮ್ಮತ್ತೆ ಎಂಬ ಹೆಂಗಸು ಅಂದಂಗೆ ಆಯ್ತಲ್ಲ ಮೇಷ್ಟ್ರೇ ಎಂದೆ, ಬರಿ, ಓದೋರಿಗೆ ಗೊತ್ತಾಗ್ಬೇಕಲ್ಲ ಎಂದರು, ಮುದ್ದೆ, ಅಂದರೆ ರಾಗಿಯ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಕಟ್ಟಿದ ಉಂಡೆ, ಮುದ್ದೆ ಗೊತ್ತಿಲ್ದೋರು ಈ ಸೀಮೇಲಿ ಯಾರವ್ರೆ ಎಂದೆ, ಬರೀ ಅಂದ್ರೆ ಬರೀಬೇಕು ಎಂದರು, ಬರೆದೆ ಎಂದೆ, ಬರೆಯಲಿಲ್ಲ. ಅವರ ಎದುರಿಗೆ ಇನ್ನೂ ಆ ಕಾಗದ ಬರೆದ ಲಂಡನ್ನಿನವನೇ ಕುಳಿತಿದ್ದ, ಅವನಿಗೆ ಮುದ್ದೆ ಗೊತ್ತಿಲ್ಲ, ಹೊಳೆ ಗೊತ್ತಿಲ್ಲ, ಪಾಪ ಅವನಿಗೆ ಒಂದೊಂದೇ ತಿಳಿಸಿ ಹೇಳುತ್ತಿದ್ದರು, ಎದುರಿಗೆ ಕುಳಿತು ಬರೆಯುತ್ತಿದ್ದವಳು ನಾನು, ನನಗೆಲ್ಲ ಗೊತ್ತಿತ್ತು, ಅವರು ಅವನಿಗೆ ಹೇಳುವುದು ಮುಗಿಯುವವರೆಗೆ ಕಾಯುತ್ತಿದ್ದೆ, ನಮಗೆ ಹೇಳಲು ಶುರುಮಾಡಿದಾಗ ಬರೆಯುತ್ತಿದ್ದೆ. ಅದಿಷ್ಟು ಸಣ್ಣ ಕಳ್ಳತನ, ಅದಕ್ಕೆ ಬೈಯಲಿ, ಆದರೆ ಇಪ್ಪತ್ತೆರಡನೆಯ ಹಾಳೆ ಹಾಗಲ್ಲ, ಅದು ನಮ್ಮಜ್ಜಿ ಮುತ್ತಮ್ಮನ ಅಜ್ಜಿ ಕುಳ್ಳಮ್ಮನ ಕಥೆ, ಕಿರಂಗೂರಿನ ಹೆಣ್ಣುಮಕ್ಕಳ ಬಾಯಲ್ಲೇ ಉಳಿದು ಬಂದದ್ದು, ಮುತ್ತಮ್ಮಜ್ಜಿ ಹೇಳುವಾಗ ಬಾಗಿಲು ಮುಂದಕ್ಕೆ ಮಾಡಿ ಹೇಳುತ್ತಿದ್ದಳು, ಗಂಡಸರ ಕಿವಿಗೆ ಆಕ್ಬ್ಯಾಡ್ರವ್ವ. ನಾನು ಹಾಕಿದೆ, ಆ ಇಂಗ್ಲಿಷ್ ಪುಸ್ತಕದ ಕಾಲದಲ್ಲಿ, ಕೇಳಿದ್ದಕ್ಕೆ ಹೇಳಿದೆ, ಮೇಷ್ಟ್ರು ಕೇಳಿ ಲೇಖನಿ ಕೆಳಗಿಟ್ಟರು, ಇದನ್ನ ಇನ್ನೊಬ್ಬರ ಮುಂದೆ ಆಡ್ಬುಟ್ಟೀಯ, ನಿಮ್ಮೋರ ಮನೇಲಿ ನಾಳೆ ಯಾರೂ ಕೈ ತೊಳೆಯಲ್ಲ, ದೇಶದ ಕಥೆ ಅಂದ್ರೆ ಮಡಕೆ ತಿಕ್ಕೋದಲ್ಲ ಕಣೇ. ಹೀಗೆಂದು ಕುಳ್ಳಮ್ಮನ ಕೈಗೆ ಒಂದು ತಂಬಿಗೆ ಕೊಟ್ಟು, ಅವಳ ಎದುರಿಗೆ ಗಾಯವಾದ ಕೆಂಪಂಗಿಯ ಸೋಲ್ಜರನ್ನು ಮಲಗಿಸಿದರು, ಅವಳು ನೀರು ಕುಡಿಸುತ್ತಾಳೆ, ಅವನು ತಾಯೀ ಎಂದು ಕೈ ಮುಗಿಯುತ್ತಾನೆ. ಕನ್ನಡದಲ್ಲಿ ಹೇಳುವಾಗಲೂ ಅದನ್ನೇ ಹೇಳಿದರು. ನನ್ನ ಕೈ ಏಳಲಿಲ್ಲ.

ನಡೆದದ್ದು ಇಷ್ಟು. ಇಂಗ್ಲಿಷರ ದಂಡು ಬಂತು ಎಂದು ಊರಿಗೆ ಊರೇ ಓಡಿತು, ಕುಳ್ಳಮ್ಮ ಒಲೆಯ ಮೇಲೆ ಎಸರಿಟ್ಟಿದ್ದವಳು ಮೂರು ಮಕ್ಕಳನ್ನು ಎಳೆದುಕೊಂಡು ನಾಗಮಂಗಲದ ದಿಕ್ಕಿಗೆ ಓಡಿದಳು, ಪಟ್ಟಣ ಬಿತ್ತು, ಎಂಟು ದಿನಕ್ಕೆ ವಾಪಸು ಬಂದರೆ ಅರ್ಧ ಮಾಡು ಸುಟ್ಟಿದೆ, ಕಣಜ ಬರಿದು, ಯಾರೋ ಸಿಪಾಯಿಗಳು ಅವಳ ಮಡಕೆಯಲ್ಲೇ ಅಡುಗೆ ಮಾಡಿ ಉಂಡು ಹೋಗಿದ್ದಾರೆ, ಯಾವ ಮಾಂಸವೋ, ತಳದಲ್ಲಿ ಕೊಬ್ಬು ಹೆಪ್ಪುಗಟ್ಟಿದೆ. ಮಡಕೆ ಹಾಗಾದರೆ ಒಡೆದು ತಿಪ್ಪೆಗೆ ಎಸೆಯಬೇಕು, ಅದು ಪದ್ಧತಿ, ಅವಳೂ ಎತ್ತಿದಳು, ಎತ್ತಿದ ಕೈ ನಿಂತಿತು, ಸುತ್ತ ಹಳ್ಳಿಯಲ್ಲಿ ಒಬ್ಬ ಕುಂಬಾರ ಉಳಿದಿಲ್ಲ, ಇನ್ನೊಂದು ಮಡಕೆಯಿಲ್ಲ, ಮಕ್ಕಳು ಅಳುವುದನ್ನೂ ಬಿಟ್ಟು ಕುಳಿತಿವೆ. ಬೂದಿ ಹಾಕಿ ತಿಕ್ಕಿದಳು, ಮರಳು ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಹೊಳೆಗೆ ಮೂರು ಸಲ ಇಳಿದಳು, ಪ್ರತಿ ಸಲವೂ ಮಡಕೆಯ ಬಾಯೊಳಗೆ ಮುಖವಿಟ್ಟು ಮೂಸಿ ನೋಡಿದಳು. ಮೇಷ್ಟ್ರು ಎದ್ದು ಬಾಗಿಲ ಆಚೆ ಹೋಗಿದ್ದಾಗ ಇಷ್ಟನ್ನೂ ಒಂದೇ ಉಸಿರಿಗೆ ಬರೆದೆ, ಮಸಿ ಕೈಗೆಲ್ಲ ಆಯಿತು, ಬರೆದು ಮುಗಿಸಿ ಆ ಕೈಯನ್ನೇ ನೋಡುತ್ತ ಕುಳಿತೆ. ಈಗ ಅದು ಅಚ್ಚಾದರೆ ತವರಿನ ಮಾನ ಹೋಯಿತು, ಅಚ್ಚಾಗದಿದ್ದರೆ ಮೇಷ್ಟ್ರ ಪುಸ್ತಕವೇ ಇಲ್ಲ, ಎರಡನೆಯ ಸಲ ವಾಪಸು, ಈ ಸಲ ಹಿಂದಕ್ಕೆ ಕಳಿಸಿದವಳು ಹೆಂಡತಿ, ಆ ಗುಂಡಿ ಇನ್ನೊಂದು ಸಲ ಬಿಚ್ಚುವುದನ್ನು ನಾನು ನೋಡಲಾರೆ — ಓದು ನಿಂತಿತು. ಹಾಳೆ ಹಿಂದೆ ಮುಂದೆ ತಿರುಗಿಸುವ ಸದ್ದು. ನಾಗರಾಜು, ಮೇಷ್ಟ್ರೇ, ನೀವು ಹೇಳಿದ ಸೋಲ್ಜರ್ ಇಲ್ಲಿ ಬರ್ನೇ ಇಲ್ವಲ್ಲ, ಯಾವುದೋ ಮಡಕೆ ಬಂದದೆ. ರಸ್ತೆಯಲ್ಲಿ ಕಬ್ಬಿನ ಗಾಡಿ ಹೋಗುತ್ತಿದೆ, ಒಂದು, ಇನ್ನೊಂದು, ಮುಗಿಯುವುದೇ ಇಲ್ಲ. ಆಮೇಲೆ ಮೇಷ್ಟ್ರ ದನಿ, ಮೆತ್ತಗೆ, ಗೊತ್ತು ಕಣಪ್ಪ. ಸೋಲ್ಜರನ್ನ ಮೂರು ದಿನ ಹೇಳ್ದೆ, ಮೂರು ದಿನವೂ ನಿಬ್ಬಿನ ಸದ್ದೇ ಇಲ್ಲ, ಬರೆದ್ಯೇನೇ ಅಂದ್ರೆ ಬರೆದೆ ಅಂತಾಳೆ. ಅವಳು ಬರೆದ್ರೆ ಪಕ್ಕದ ಮನೇಗೆ ಕೇಳ್ತದೆ, ನನಗೆ ಕೇಳಲ್ವಾ? ಕೊನೆಗೆ ಎದ್ದು ಈಚೆ ಬಂದು ಬಾಗಿಲ ತಾವ ನಿಂತ್ಕಂಡೆ. ಆಗ ಶುರುವಾಯ್ತು ನೋಡು ಕರಕರ ಅಂತ, ನಿಲ್ನೇ ಇಲ್ಲ, ನನ್ನ ಕಾಲು ನೋವು ಬಂತು. ಅಲ್ಲಿ ಏನದೆ ಅಂತ ಒಂದು ವರ್ಷದಿಂದ ಕಾಯ್ತಾ ಇವ್ನಿ. ಓದು.

ಕಾದಿದ್ದರು, ಬಾಗಿಲ ಆಚೆ ನಿಂತಿದ್ದರು, ನಾನು ಬರೆಯುವಾಗ ಒಂದು ಮರದ ಹಲಗೆಯ ಆಚೆ, ಕೇಳಿಸಿಕೊಳ್ಳುತ್ತ — ನಾಗರಾಜು ಓದುತ್ತಿದ್ದಾನೆ, ನನ್ನ ಮಾತು ಬೇರೆಯವರ ಬಾಯಲ್ಲಿ ಹೀಗಿರುತ್ತದೆಯೇ, ಕುಳ್ಳಮ್ಮ ಮಡಕೆ ಎತ್ತಿದಳು, ಎತ್ತಿದ ಕೈ ನಿಂತಿತು, ಬೂದಿ ಹಾಕಿ ತಿಕ್ಕಿದಳು, ಮರಳು ಹಾಕಿ ತಿಕ್ಕಿದಳು, ಹಾಳೆ ತಿರುಗಿಸಲು ನಿಲ್ಲಿಸಿದ ನಾಗರಾಜು, ಆಮೇಲೆ? ಎಂದರು ಮೇಷ್ಟ್ರು, ಮೊಮ್ಮಕ್ಕಳು ಕೇಳುವ ಹಾಗೆ, ನಾವೆಲ್ಲ ಮುತ್ತಮ್ಮಜ್ಜಿಯನ್ನು ಕೇಳುತ್ತಿದ್ದ ಹಾಗೆ, ಆಮೇಲೆ ಏನಾಯ್ತು, ಆಮೇಲೆ ಎಸರು ಬಂತೇ, ಮಕ್ಕಳು ಉಂಡವೇ, ಅದೆಲ್ಲ ಮುಂದಿನ ಹಾಳೆಯಲ್ಲಿದೆ, ನಾನೇ ಬರೆದಿದ್ದೇನೆ, ಈಗ ಒಂದೂ ನೆನಪಾಗುತ್ತಿಲ್ಲ, ಹೊಳೆಯ ದಡ, ಒದ್ದೆ ಮಡಕೆ, ಕುಳ್ಳಮ್ಮ ಅದರ ಬಾಯೊಳಗೆ ಮುಖವಿಟ್ಟಿದ್ದಾಳೆ, ಮೂಸುತ್ತಿದ್ದಾಳೆ, ಮುಖ ಇನ್ನೂ ಎತ್ತಿಲ್ಲ, ಮೂಸುತ್ತಿದ್ದಾಳೆ